ಭಾಷೆ ಬಾರದ ದೇಶದ ಆಸ್ಪತ್ರೆಯಲ್ಲಿ ನಾಲ್ಕು ವಾರ: ನನ್ನಿಂದ ಏನು ಉಪಯೋಗ?

ಮೂರನೇ ವರ್ಷದವಳು:
ನಾನು ವೈದ್ಯಕೀಯ ವಿದ್ಯಾರ್ಥಿನಿ. ರಜೆಯಲ್ಲಿ ನಾಲ್ಕು ವಾರ ಬೇರೆ ದೇಶದ ಸಣ್ಣ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವೆ ಮಾಡುವ ಅವಕಾಶ ಸಿಕ್ಕಿದೆ. ಅಲ್ಲಿಯ ಭಾಷೆಯ ಒಂದಕ್ಷರವೂ ನನಗೆ ಬಾರದು. ಕಳುಹಿಸುವ ಸಂಸ್ಥೆಯವರು, "ಇಲ್ಲಿ ನೀವು ನಿಂತು ನೋಡುವುದಷ್ಟೇ. ಅಲ್ಲಿ ಹೊಲಿಗೆ ಹಾಕಬಹುದು, ಹೆರಿಗೆಯನ್ನೂ ಮಾಡಿಸಬಹುದು" ಎಂದರು. ಕೇಳಿ ಹಿಗ್ಗಿದ್ದು ನಿಜ. ರಾತ್ರಿ ಮಲಗಿದ ಮೇಲೆ ಬೇರೆ ಯೋಚನೆ ಹತ್ತಿತು. ಇಲ್ಲಿ ಮುಟ್ಟಲೂ ಬಿಡದ ಕೆಲಸ ಗಡಿ ದಾಟಿದೊಡನೆ ನನಗೆ ಬಂದುಬಿಡುತ್ತದೆಯೇ? ಹೋಗಿ ಬಂದವರು ದಯವಿಟ್ಟು ಹೇಳಿ.

ಹಳೆಯ ಸ್ಟೆತಸ್ಕೋಪ್:
ರಾತ್ರಿ ಹತ್ತಿದ ಯೋಚನೆಯನ್ನೇ ನಂಬಿ. ಅಂತಿಮ ವರ್ಷದಲ್ಲಿ ನಾನೂ ಹೊಲಿಗೆಯ ಕನಸು ಕಟ್ಟಿಕೊಂಡು ಹೋಗಿದ್ದೆ. ಕಲಿತದ್ದು ಒಂದು ಲೋಟದಿಂದ.

ಭೇದಿಯಾಗುತ್ತಿದ್ದ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಬಂದಿದ್ದಳು. ಉಪ್ಪು-ಗ್ಲೂಕೋಸ್ ಪುಡಿಯ ಓಆರ್‌ಎಸ್ ಪೊಟ್ಟಣ ಕೊಟ್ಟು, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ, ಗುಟುಕು ಗುಟುಕಾಗಿ ಕುಡಿಸಿ ಎಂದು ದುಭಾಷಿಯಿಂದ ಹೇಳಿಸಿದೆ. "ಅರ್ಥವಾಯಿತೇ?" ಎಂದೆ. ತಲೆಯಾಡಿಸಿದಳು. ನಾನು ಮುಂದಿನ ಚೀಟಿಗೆ ಕೈ ಹಾಕಿದೆ. ಪಕ್ಕದಲ್ಲಿದ್ದ ಹಿರಿಯ ನರ್ಸ್ ಮಾತಿಲ್ಲದೆ ಒಂದು ಲೋಟ, ಒಂದು ಜಗ್ ನೀರು ತಂದು ಆಕೆಯ ಮುಂದಿಟ್ಟು, ಮಾಡಿ ತೋರಿಸು ಎಂದು ಸನ್ನೆ ಮಾಡಿದರು. ಆಕೆ ಲೋಟಕ್ಕೆ ನೀರು ಬಗ್ಗಿಸಿದಳು, ಪೊಟ್ಟಣವನ್ನು ಹಲ್ಲಿನಿಂದ ಹರಿದಳು, ಪೂರ್ತಿ ಪುಡಿಯನ್ನು ಆ ಲೋಟಕ್ಕೇ ಸುರಿದಳು. ಒಂದಿಷ್ಟೂ ವ್ಯರ್ಥವಾಗದಿರಲೆಂದು ಮೂಲೆಗೆ ಅಂಟಿದ್ದನ್ನೂ ಬೆರಳಿನಿಂದ ತಟ್ಟಿ ಬೀಳಿಸಿದಳು. ಲೀಟರಿಗೆ ಹಾಕಬೇಕಾದ ಉಪ್ಪು ಒಂದು ಲೋಟದಲ್ಲಿ! ಅದನ್ನೇ ಕುಡಿಸುತ್ತಾ ಹೋಗಿದ್ದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದಿತ್ತು. ಆಕೆಯ ಮನೆಯಲ್ಲಿ ಯಾವ ಪಾತ್ರೆಯಲ್ಲಿ ನೀರು ಅಳೆಯುತ್ತಾರೆ ಎಂದು ನಾನು ಕೇಳಿಯೇ ಇರಲಿಲ್ಲ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಡ್ರಿಪ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು-ಗ್ಲೂಕೋಸ್ ನೀರನ್ನು ರೋಗಿಗಳ ಬಂಧುಗಳ ಕೈಗೇ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಬಂಧುಗಳ ಕೈಗೆ ಕೊಡುವುದೇ ಅದರಲ್ಲಿನ ಕಷ್ಟದ ಭಾಗವೆಂದು ಹೊಳೆದದ್ದು ಆ ದಿನ.

ಅಂದಿನಿಂದ "ಅರ್ಥವಾಯಿತೇ?" ಎಂದು ಕೇಳುವುದನ್ನು ಬಿಟ್ಟೆ. "ಮನೆಗೆ ಹೋಗಿ ಏನು ಮಾಡುತ್ತೀರಿ, ನನಗೆ ಹೇಳಿ" ಎನ್ನುತ್ತೇನೆ. ಆರ್ಥರ್ ಕ್ಲೈನ್‌ಮನ್ ಎಂಬ ಮನೋವೈದ್ಯರು ರೋಗಿಗೆ ಕೇಳಬೇಕೆಂದ ಪ್ರಶ್ನೆಗಳೂ ನಿಮ್ಮ ಜೇಬಿನಲ್ಲಿರಲಿ: ಈ ಕಾಯಿಲೆ ಯಾವುದರಿಂದ ಬಂತೆಂದು ನಿಮಗನ್ನಿಸುತ್ತದೆ? ಇದರಲ್ಲಿ ನಿಮಗೆ ಹೆಚ್ಚು ಭಯ ಯಾವುದರದ್ದು? ಭಾಷೆ ಬಾರದಿದ್ದರೂ ದುಭಾಷಿಯ ಮುಖ ನೋಡಬೇಡಿ, ರೋಗಿಯ ಮುಖ ನೋಡಿ ಮಾತನಾಡಿ.

ವಾರ್ಡ್ ಸಿಸ್ಟರ್:
ನಾನು ಇಂಥ ಅತಿಥಿಗಳನ್ನು ಬರಮಾಡಿಕೊಳ್ಳುವ ಕಡೆಯವಳು, ಹಾಗಾಗಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಾಲ್ಕು ವಾರದಲ್ಲಿ ಒಂದು ವಾರ ಯಾವ ಬೀರುವಿನಲ್ಲಿ ಏನಿದೆ ಎಂದು ತೋರಿಸುವುದರಲ್ಲೇ ಹೋಗುತ್ತದೆ. ಅಷ್ಟು ಹೊತ್ತು ನಮ್ಮ ರೋಗಿಗಳು ಕಾಯುತ್ತಾರೆ. ಇನ್ನೊಂದು, ದುಭಾಷಿ ಸಿಗಲಿಲ್ಲವೆಂದು ರೋಗಿಯ ಮಗನನ್ನೋ ಮೊಮ್ಮಗನನ್ನೋ ನಡುವೆ ನಿಲ್ಲಿಸಬೇಡಿ. ಮುಟ್ಟಿನ ರಕ್ತಸ್ರಾವದ ಬಗ್ಗೆ ಹನ್ನೆರಡು ವರ್ಷದ ಹುಡುಗನ ಬಾಯಿಂದ ಅಜ್ಜಿಗೆ ಪ್ರಶ್ನೆ ಕೇಳಿಸಿದವರನ್ನು ಕಂಡಿದ್ದೇನೆ. ಆ ಹುಡುಗ ನೆಲ ನೋಡುತ್ತಾ "ಏನೂ ಇಲ್ಲವಂತೆ" ಎಂದ. ಪರದೆಯ ಹಿಂದೆ ನಾನು ಕೇಳಿದಾಗ ಎಲ್ಲವೂ ಇತ್ತು. ಮಕ್ಕಳನ್ನು ಅಪ್ಪಿಕೊಂಡ ಫೋಟೋಗಳ ಬಗ್ಗೆ ಬರೆಯಲು ಹೋದರೆ ರಾತ್ರಿಯಾಗುತ್ತದೆ.

ನೇರ ಮಾತು:
ಇದೆಲ್ಲ ಹೊಟ್ಟೆ ತುಂಬಿದವರ ನೀತಿಯಲ್ಲವೇ? ವೈದ್ಯರೇ ಇಲ್ಲದ ಕಡೆ ವಿದ್ಯಾರ್ಥಿಯಾದರೂ ಇರುವುದು ಮೇಲು.

ಹಳೆಯ ಸ್ಟೆತಸ್ಕೋಪ್:
ವೈದ್ಯರಿಲ್ಲದ ಕಡೆ ನೂರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ಇರುತ್ತಾಳೆ, ನರ್ಸ್ ಇರುತ್ತಾರೆ. ಅವರ ಕೈಯಿಂದ ಕೆಲಸ ಕಸಿದುಕೊಂಡರೆ ಅದು ಸೇವೆಯಲ್ಲ. ವಿದ್ಯಾರ್ಥಿ ಹಾಕಿದ ಹೊಲಿಗೆ ಐದನೆಯ ದಿನ ಕೀವು ಕಟ್ಟಿದಾಗ, ಹಾಕಿದವನು ವಿಮಾನದಲ್ಲಿರಬಹುದು. ಜಾಗತಿಕ ಆರೋಗ್ಯ ತರಬೇತಿಗೆಂದು 2010ರಲ್ಲಿ ಪ್ರಕಟವಾದ ನೈತಿಕ ಮಾರ್ಗಸೂಚಿಯೂ ಕಳುಹಿಸುವವರು, ಬರಮಾಡಿಕೊಳ್ಳುವವರು, ಹೋಗುವವರು ಎಲ್ಲರ ಮೇಲೂ ಹೊಣೆ ಹೊರಿಸುತ್ತದೆ. ತರಬೇತಿಯ ಮಟ್ಟ ಮೀರಿದ ಕೆಲಸವನ್ನು ಒಪ್ಪಿಕೊಳ್ಳದಿರುವುದು ಹೋಗುವವರ ಹೊಣೆ.

ಮೂರನೇ ವರ್ಷದವಳಿಗೆ ನಾನು ಹೇಳಲು ಮರೆತಿದ್ದ ಮಾತು: ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗೆ ಸಾಮಾನ್ಯವಾಗಿ ಆರು ತಿಂಗಳು ಬೇಕು. ಹಳದಿ ಜ್ವರದ ಲಸಿಕೆ ಬೇಕಾದ ದೇಶವಾದರೆ ಪ್ರಮಾಣಪತ್ರಕ್ಕೆ ಬೆಲೆ ಬರುವುದು ಹತ್ತು ದಿನದ ನಂತರ. ರೋಗಿಗೆ ಬಳಸಿದ ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆ ಔಷಧವನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಅದು ಅಲ್ಲಿ ಯಾರ ಬಳಿ ಸಿಗುತ್ತದೆ ಎಂದು ಹೊರಡುವ ಮೊದಲೇ ಕೇಳಿ.

ಮೂರನೇ ವರ್ಷದವಳು:
ಎಲ್ಲರಿಗೂ ಧನ್ಯವಾದ. ಅಲ್ಲಿ ನನ್ನ ಮೇಲ್ವಿಚಾರಕರು ಯಾರು, ಹೆಸರು ತಿಳಿಸಿ ಎಂದು ಸಂಸ್ಥೆಗೆ ಬರೆದೆ. ಉತ್ತರವಾಗಿ ಅದೇ ಬಣ್ಣದ ಕರಪತ್ರ ಇನ್ನೊಮ್ಮೆ ಬಂತು. ಈಗ ಆ ಆಸ್ಪತ್ರೆಗೇ ನೇರವಾಗಿ ಪತ್ರ ಬರೆಯುತ್ತಿದ್ದೇನೆ. ನನ್ನ ಮೂರನೇ ಡೋಸ್ ಬಾಕಿಯಿದೆ ಎಂಬುದೂ ಈಗಲೇ ನೆನಪಾಯಿತು.