ಕೋಳಿ ಲಸಿಕೆ ಬುಧವಾರ ಮುಂಜಾನಿ: ಓಣಿವಾರು ಲೆಕ್ಕ ಕೊಡ್ರಿ

ಮಾಸ್ತರ್, 2ನೇ ಕ್ರಾಸ್ (ಶುಕ್ರವಾರ, ರಾತ್ರಿ 8:10)
ಎಲ್ಲಾರಿಗೂ ನಮಸ್ಕಾರ. ನೀರಿನ ಟಾಕಿ ಓಣ್ಯಾಗ ಈ ವಾರ ಸತ್ತ ಕೋಳಿಗೆ ಬಂದಿದ್ದು ಕೊಕ್ಕರೆ ರೋಗ (ರಾಣಿಖೇತ್) ಅಂತ ಪಶು ಆಸ್ಪತ್ರಿ ಡಾಕ್ಟರ್ ಹೇಳ್ಯಾರ. ಒಂದನ್ನ ಸೀಳಿ ನನಗೂ ತೋರಿಸಿದ್ರು. ಜಠರದ ಒಳಗ ಸಾಸಿವಿಯಷ್ಟು ಗುಳ್ಳಿ ಇರ್ತಾವಲ್ಲ, ಅವುಗಳ ತುದಿಗೆಲ್ಲ ರಕ್ತದ ಚುಕ್ಕಿ. ಖಾತ್ರಿ ಮಾಡ್ಕೊಳ್ಳಾಕ ಪರೀಕ್ಷೆಗೂ ಕಳಿಸ್ಯಾರ. ಇದಕ್ಕ ಔಷಧಿ ಇಲ್ಲ. ಮೆಡಿಕಲ್ ಶಾಪಿನ ಗುಳಿಗಿ ನೀರಾಗ ಕಲಸಿ ಕುಡಿಸಿದ್ರ ರೊಕ್ಕ ಹೋಗೂದಷ್ಟ, ಯಾಕಂದ್ರ ಇದು ವೈರಸ್ಸು.

ಲಸಿಕೆ ಐತಿ, ಆದ್ರ ಯಾರೂ ಹಾಕ್ಸಂಗಿಲ್ಲ. ದೊಡ್ಡ ಕೋಳಿಗೆ ಹಾಕೋ ಆರ್2ಬಿ ಬಾಟ್ಲಿ ಒಂದ್ರಾಗ 100 ಕೋಳಿಗೆ ಆಗೋವಷ್ಟು ಇರ್ತೈತಿ. ಒಡದು ಕಲಸಿದ ಮ್ಯಾಲೆ ಐಸಿನಾಗ ಇಟ್ರೂ ಎರಡು ತಾಸಿನೊಳಗ ಮುಗಿಸಬೇಕು. ನಮ್ಮಲ್ಲಿ 100 ಕೋಳಿ ಇರೋ ಮನಿ ಒಂದೂ ಇಲ್ಲ. ಹತ್ತು ಕೋಳಿ ಇದ್ದವ್ರು ಬಾಟ್ಲಿ ಒಡಸಾಕ ಹಿಂದ ಮುಂದ ನೋಡ್ತಾರ, ಬ್ಯಾಸಗಿ ಬಂತಂದ್ರ ಗೂಡು ಖಾಲಿ. ಎಲ್ಲಾರೂ ಕೂಡಿದ್ರ ಮಾತ್ರ ಇದು ಆಗೂ ಕೆಲಸ. ಎರಡು ತಿಂಗಳು ದಾಟಿದ್ದು ಎಷ್ಟು, ಮರಿ ಎಷ್ಟು, ಬ್ಯಾರೆ ಬ್ಯಾರೆ ಬರೀರಿ. ಸಣ್ಣ ಮರಿಗೆ ಆರ್2ಬಿ ತಡಿಯಂಗಿಲ್ಲ, ಅವಕ್ಕ ಲಸೋಟಾ ಅನ್ನೋ ಹನಿ ಲಸಿಕೆ.

ಟೇಲರ್ ಅಕ್ಕ, 3ನೇ ಕ್ರಾಸ್ (8:22)
ನಂದು ಜವಾರಿ 11. ಮರಿ 9. ಒಂದು ಹ್ಯಾಟಿ ಕಾವಿಗೆ ಕುಂತೈತಿ, ತತ್ತಿ ಮ್ಯಾಲಿಂದ ಎಬ್ಬಿಸಬಹುದೇನ್ರಿ ಮಾಸ್ತರ?

ಮಾಸ್ತರ್ (8:25)
ಎಬ್ಬಿಸಬಹುದ್ರಿ ಅಕ್ಕಾರ. ಕಾಳು ತಿನ್ನಾಕ ತಾನ ದಿನಾ ಏಳತೈತಲ್ಲ, ಎರಡು ನಿಮಿಷಕ್ಕ ತತ್ತಿ ಕೆಡಂಗಿಲ್ಲ.

ಕಿರಾಣಿ ಅಂಗಡಿ ಅಣ್ಣ (8:31)
ಛಲೋ ಕೆಲಸ. ಸಮುದಾಯ ಭವನದ ಮುಂದ ಶಾಮಿಯಾನ ಹಾಕಸ್ತೀನಿ, ಚಾ ನಂದ. ಎಲ್ಲಾರೂ ಬುಟ್ಟ್ಯಾಗ ಕೋಳಿ ಹಾಕ್ಕೊಂಡು ಅಲ್ಲೇ ಬರ್ಲಿ, ಒಂದ ತಾಸಿನ್ಯಾಗ ಮುಗೀತೈತಿ.

ನಿವೃತ್ತ ಪಶು ಪರೀಕ್ಷಕರು, ಕಾಕಾ (8:48)
ಚಾ ಇರ್ಲಿ, ಶಾಮಿಯಾನ ಬ್ಯಾಡ. ಕೋಳಿ ಒಂದ ಕಡೆ ಕೂಡಿಸೂದ ಬ್ಯಾಡ. ರೋಗ ಹೊಕ್ಕ ಕೋಳಿ ನಾಕೈದು ದಿನ ನೆಟ್ಟಗ ಕಾಣತೈತಿ, ಕಾಳೂ ತಿಂತೈತಿ. ಅದರ ಉಸಿರಿನ್ಯಾಗ, ಹಿಕ್ಕ್ಯಾಗ ರೋಗ ಇರ್ತೈತಿ. ಟಾಕಿ ಓಣಿ ಬುಟ್ಟಿ ಒಂದು 3ನೇ ಕ್ರಾಸ್ ಬುಟ್ಟಿ ಬಾಜೂಕ ಕುಂತ್ರ, ಲಸಿಕೆ ಹಾಕಿಸ್ಕೊಂಡ ದಿನಾನ ಎಲ್ಲಾ ಮನಿಗೂ ರೋಗ ಹಂಚಿದಂಗ ಆಗತೈತಿ. ಲಸಿಕೆ ಮೈಗೆ ಹತ್ತಾಕ ಎರಡು ವಾರ ಬೇಕ್ರಿ. ನೌಕರ್ಯಾಗ ಇದ್ದಾಗ ಇಂಥ ಕ್ಯಾಂಪ್ ಆದ ಮ್ಯಾಲೆ ಓಣಿ ಓಣಿನ ಖಾಲಿ ಆಗಿದ್ದು ನೋಡೀನಿ.

ಕೋಳಿ ಮನ್ಯಾಗ ಇರ್ಲಿ, ಲಸಿಕೆ ಮನಿಗೆ ಬರ್ಲಿ. ಥರ್ಮಾಸಿನ್ಯಾಗ ಐಸ್ ಹಾಕ್ಕೊಂಡು ನಾನ ತಿರಗತೀನಿ. ಮನಿಗೊಂದು ಹೊಸ ಸೂಜಿ. ಆರಾಮ ಇರೋ ಓಣಿ ಮೊದಲ, ಟಾಕಿ ಓಣಿ ಕಡೀಕ.

ಕಿರಾಣಿ ಅಂಗಡಿ ಅಣ್ಣ (8:53)
ಸರಿ ಕಾಕಾರ, ಹಂಗ ಮಾಡೂಣು. ಐಸು, ಸೂಜಿ ರೊಕ್ಕಕ್ಕ ಮನಿಗೆ 20 ರೂಪಾಯಿ ಅಂಗಡ್ಯಾಗ ಕೊಡ್ರಿ, ಬರ್ಕೊಂತೀನಿ.

ಟಾಕಿ ಓಣಿ ಆಡಿನ ಅಮ್ಮ (9:05)
ನಮ್ಮನ್ಯಾಗ ಆರು ಸತ್ತಾವ ಮಾಸ್ತರ. ಕುತ್ತಿಗಿ ತಿರುವಿಕೊಂಡು ಗಿರಗಿರ ತಿರಗಿ ಬಿದ್ವು. ಹಸರ ಹಿಕ್ಕಿ. ಇನ್ನ ನಾಕು ತೂಕಡಸಾಕ ಹತ್ಯಾವ. ಅವಕ್ಕೂ ಹಾಕ್ತೀರೇನು?

ಕಾಕಾ (9:09)
ಅವಕ್ಕ ಹಾಕಿದ್ರೂ ಉಪಯೋಗ ಇಲ್ಲವ್ವಾ, ರೋಗ ಒಳಗ ಹೊಕ್ಕೈತಿ. ಬ್ಯಾರೆ ಕಟ್ಟು, ನೀರು ಇಡು. ಅವನ್ನ ಮುಟ್ಟಿದ ಮ್ಯಾಲೆ ಕೈ ತೊಳೀದ ಕಣ್ಣು ಒರಸ್ಕೋಬ್ಯಾಡ, ಮನಷಾರಿಗೂ ಕಣ್ಣು ಕೆಂಪಾಗಿ ನೀರು ಸುರೀತೈತಿ. ಯಾರರ ಅರ್ಧ ರೇಟಿಗೆ ಕೇಳಿಕೊಂಡು ಬಂದ್ರ ಕೊಡಬ್ಯಾಡ.

ಆಡಿನ ಅಮ್ಮ (9:12)
ಒಬ್ಬಾಂವ ಬಂದಿದ್ದ, ಇಲ್ಲ ಅಂದು ಕಳಿಸೀನಿ.

ಹಿಂದಿನ ಲೈನಿನ ಸರ್ (ಶನಿವಾರ, ಮುಂಜಾನಿ 7:15)
ನಾನು ಕೋಳಿ ಸಾಕಿದವನಲ್ಲ, ಆದರೂ ಹೇಳಲೇಬೇಕು. ನಮ್ಮ ಹಿಂದಿನ ಚರಂಡಿಯಲ್ಲಿ ಸತ್ತ ಕೋಳಿಗಳು ಉಬ್ಬಿಕೊಂಡು ಬಿದ್ದಿವೆ. ನಾಯಿಗಳು ಎಳೆದು ಗೇಟಿನ ಮುಂದೆ ತಂದು ಹಾಕುತ್ತಿವೆ. ಮನೆಯಲ್ಲಿ ಕೂಸಿದೆ. ಕಳೆದ ವರ್ಷ 2025ರಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಬಂದಿದ್ದು ಎಲ್ಲರಿಗೂ ಗೊತ್ತಿದೆ. ಬಡಾವಣೆಯೊಳಗೆ ಕೋಳಿ ಆಡು ಸಾಕುವುದನ್ನೇ ನಿಲ್ಲಿಸಿ ಎಂದು ಅರ್ಜಿ ಕೊಡಲು ನಮ್ಮ ಲೈನಿನವರು ಹೊರಟಿದ್ದಾರೆ.

ಮಾಸ್ತರ್ (7:40)
ಸರ್, ಚರಂಡಿ ಮಾತು ನೂರಕ್ಕ ನೂರು ಖರೆ. ಸತ್ತ ಕೋಳಿ ಚರಂಡಿಗೆ ಒಗದ್ರ ನೀರಿನ ಕೂಡ ರೋಗಾನೂ ಮುಂದಿನ ಓಣಿಗೆ ಹೋಗತೈತಿ, ನಾಯಿ ಬಾಯಾಗೂ ಹೋಗತೈತಿ. ಅದು ಇವತ್ತ ನಿಲ್ಲಬೇಕು. ಹಕ್ಕಿಜ್ವರಾನೋ ಕೊಕ್ಕರೇನೋ ಬರೇ ಕಣ್ಣಿಲೆ ನೋಡಿ ಯಾರೂ ಹೇಳಾಕ ಆಗಂಗಿಲ್ಲ, ಅದಕ್ಕ ಡಾಕ್ಟರ್ ಪರೀಕ್ಷೆಗೆ ಕಳಿಸ್ಯಾರ. ಇನ್ನ ಮುಂದ ಒಂದ ದಿನ ಎರಡು ಮೂರು ಕೋಳಿ ಕೂಡೇ ಸತ್ರ ಮುಚ್ಚಿಡಬ್ಯಾಡ್ರಿ, ಪಶು ಆಸ್ಪತ್ರಿಗೆ ಹೇಳ್ರಿ, ಇಲ್ಲಾ 1962ಕ್ಕ ಫೋನ್ ಮಾಡ್ರಿ.

ಸಾಕೂದನ್ನ ನಿಲ್ಲಸ್ರಿ ಅನ್ನೂದಕ್ಕ ನಾನು ಒಪ್ಪಂಗಿಲ್ಲ. ಟಾಕಿ ಓಣಿ ಅಮ್ಮಾರ ಮನಿ ನಡಿಯೂದ ಐದು ಆಡು, ನಾಕು ತತ್ತಿ ಮ್ಯಾಲೆ. ಮೊಮ್ಮಗಳ ಶಾಲಿ ಫೀ ಹೋದ ವರ್ಷ ಒಂದು ಹೋತ ಮಾರಿ ಕಟ್ಟ್ಯಾರ. ರೋಗ ನಿಲ್ಲಿಸಿದ್ರ ನಿಮ್ಮ ತ್ರಾಸೂ ಹೋಗತೈತಿ, ಅವರ ಹೊಟ್ಟಿನೂ ತುಂಬತೈತಿ. ಅರ್ಜಿ ಒಂದು ವಾರ ತಡೀರಿ ಅಂತ ಕೈ ಮುಗಿದು ಕೇಳ್ತೀನಿ.

ಹಿಂದಿನ ಲೈನಿನ ಸರ್ (8:02)
ಒಂದು ವಾರ ತಡೆಯುತ್ತೇವೆ. ಆದರೆ ಚರಂಡಿ ಇವತ್ತೇ ಸ್ವಚ್ಛ ಆಗಬೇಕು.

ಫೈಟರ್ ಕೋಳಿ ತಮ್ಮ, 1ನೇ ಕ್ರಾಸ್ (8:10)
ಸರ್, ನಾವು ನಾಕು ಹುಡುಗ್ರು 10ಕ್ಕ ಬರ್ತೀವಿ. ಗುದ್ದಲಿ ಐತಿ, ಕೈಗೆ ಕಟ್ಟಾಕ ಪ್ಲಾಸ್ಟಿಕ್ ಚೀಲ ಅದಾವ. ಕುಣಿ ಎಲ್ಲಿ ತಗೀಬೇಕು?

ಕಾಕಾ (8:14)
ನಮ್ಮ ಖಾಲಿ ಸೈಟಿನ ಮೂಲ್ಯಾಗ ತಗೀರಿ. ಬೋರಿನಿಂದ ದೂರ ಐತಿ. ಮೂರು ಫೂಟಿಗೆ ಕಮ್ಮಿ ಬ್ಯಾಡ, ಇಲ್ಲಾಂದ್ರ ನಾಯಿ ಕೆದರತಾವ. ಕೋಳಿ ಮ್ಯಾಲೆ ಸುಣ್ಣ, ಅದರ ಮ್ಯಾಲೆ ಮಣ್ಣು, ಮ್ಯಾಲೊಂದು ದೊಡ್ಡ ಕಲ್ಲು. ಕೆಲಸ ಆದ ಮ್ಯಾಲೆ ಸೀದಾ ನಿಮ್ಮ ಗೂಡಿನ ಕಡೆ ಹೋಗಬ್ಯಾಡ್ರಪಾ, ಮೈ ತೊಳ್ಕೊಂಡು ಚಪ್ಪಲಿ ಬಿಸಲಿಗೆ ಹಾಕ್ರಿ.

ಫೈಟರ್ ಕೋಳಿ ತಮ್ಮ (8:17)
ಆತ್ರಿ ಕಾಕಾ. ನಂದು ಅಸೀಲ್ 6 ಅದಾವ, ಬರ್ಕೊಳ್ರಿ. ಪಾರಿವಾಳಕ್ಕೂ ಈ ರೋಗ ಬರ್ತೈತೇನ್ರಿ? ಮಾಳಗಿ ಮ್ಯಾಲೆ 20 ಜೋಡಿ ಸಾಕೀನಿ.

ಕಾಕಾ (8:20)
ಬರ್ತೈತಿ, ಹರಡತಾವ ಕೂಡ. ಕೋಳಿ ಕಾಳು ತಿನ್ನೋ ಕಡೆ ಪಾರಿವಾಳ ಇಳಿಯಾಕ ಬಿಡಬ್ಯಾಡ. ಅವಕ್ಕ ಲಸಿಕೆ ಬಗ್ಗೆ ಡಾಕ್ಟರ್‌ನ್ನ ಕೇಳೂಣು.

2ನೇ ಕ್ರಾಸ್ ಕೊನಿ ಮನಿ ಅಕ್ಕ (ಭಾನುವಾರ, ಸಂಜಿ 5:30)
ನಮ್ಮ ಗಿರಿರಾಜ ಮರಿ 30 ಅದಾವ. ಒಂದೊಂದ ಹಿಡಿಯೂದು ಯಾಕ, ಲಸಿಕೆ ನಳದ ನೀರಾಗ ಕಲಸಿ ಕುಡಿಸಿದ್ರ ಆಗಂಗಿಲ್ಲೇನ್ರಿ?

ಕಾಕಾ (5:41)
ನಳದ ನೀರಿಗೆ ಕ್ಲೋರಿನ್ ಹಾಕಿರ್ತಾರ ತಂಗಿ. ಅದರಾಗ ಲಸಿಕೆ ಸಾಯತೈತಿ, ಮರಿ ಬರೇ ನೀರು ಕುಡಿದಂಗ. ಮರಿ ಕಮ್ಮಿ ಇದ್ದಾಗ ಕಣ್ಣಿಗೆ ಹನಿ ಹಾಕೂದ ಪಕ್ಕಾ. ಮರೀನ ಅಂಗೈಯಾಗ ಮಲಗಿಸಿ ಒಂದ ಹನಿ ಬಿಡೂದು. ಅದು ಕಣ್ಣು ಪಿಳಕಿಸಿ ಹನಿ ಒಳಗ ಎಳ್ಕೊಳ್ಳೂ ಮಟ ಬಿಡಬಾರದು. ಬಿಟ್ಟಕೂಡ್ಲೆ ತಲಿ ಕೊಡವಿದ್ರ ಹನಿ ನೆಲದ ಪಾಲು.

ಮಾಸ್ತರ್ (ಸೋಮವಾರ, ರಾತ್ರಿ 9:00)
ಲೆಕ್ಕ ಬಂತು. ದೊಡ್ಡವು 1ನೇ ಕ್ರಾಸ್ 34, 2ನೇದು 47, 3ನೇದು 52, ಟಾಕಿ ಓಣ್ಯಾಗ ಆರಾಮ ಇರೋ ಮನಿಗಳದು 29. ಒಟ್ಟು 162. ಮರಿ 71. ಆರ್2ಬಿ ಎರಡು ಬಾಟ್ಲಿ, ಲಸೋಟಾ ಒಂದು. ಡಾಕ್ಟರ್ ಒಪ್ಪ್ಯಾರ, ಒಬ್ಬ ಸಿಬ್ಬಂದಿನೂ ಬರ್ತಾರ. ಮೊದಲ್ನೇ ಬಾಟ್ಲಿ ಮುಗಿಯೂ ಮಟ ಎರಡ್ನೇದು ಒಡಿಯಂಗಿಲ್ಲ.

ಚರಂಡಿ ಹುಡುಗ್ರು ಶನಿವಾರಾನ ಸ್ವಚ್ಛ ಮಾಡಿದ್ರು, ಹಿಂದಿನ ಲೈನಿನ ಸರ್ ಸುಣ್ಣದ ಚೀಲ ತಾವ ತಂದುಕೊಟ್ರು.

ಮುಂದ ಹುಲಿಗೆಮ್ಮನ ಜಾತ್ರಿ ಐತಿ. ಹರಕಿ ಹುಂಜ ಹುಡುಕ್ಕೊಂಡು ಸಂತಿಗೆ ಹೋಗವ್ರು ಹೋಗ್ರಿ, ಆದ್ರ ತಂದಿದ್ದನ್ನ ನಿಮ್ಮ ಕೋಳ್ಯಾಗ ಬಿಡಬ್ಯಾಡ್ರಿ. ಊರೂರಿನ ಕೋಳಿ ಅಲ್ಲಿ ಒಂದ ಬುಟ್ಟ್ಯಾಗ ಕುಂತಿರ್ತಾವ. ಸಾಕಾಕ ತಂದ್ರ ಎರಡು ಮೂರು ವಾರ ಬ್ಯಾರೆ ಕಡೆ ಕಟ್ಟ್ರಿ.

ಆಡಿನ ಅಮ್ಮ (9:08)
ಆಡಿಗೆ ಏನೂ ಇಲ್ಲೇನು ಮಾಸ್ತರ?

ಮಾಸ್ತರ್ (9:12)
ಕೋಳಿ ರೋಗ ಆಡಿಗೆ ಹತ್ತಂಗಿಲ್ಲ ಅಮ್ಮಾರ, ಹೆದರಬ್ಯಾಡ್ರಿ. ಆಡಿಗೆ ಪಿಪಿಆರ್ (ಆಡು-ಕುರಿ ಪ್ಲೇಗ್) ಲಸಿಕೆ ಬ್ಯಾರೆ. ನಾಕು ತಿಂಗಳು ದಾಟಿದ ಮರಿಗೆ ಒಂದ ಸಲ ಹಾಕಿಸಿದ್ರ ಮೂರು ವರ್ಷ ಕಾಯತೈತಿ. ಬಡಾವಣಿ ಆಡಿನ ಪಟ್ಟಿ ಬರದು ಬುಧವಾರಾನ ಡಾಕ್ಟರ್ ಕೈಯಾಗ ಕೊಡತೀನಿ. ಮಳಿಗಾಲಕ್ಕ ಮುಂಚೆ ಕರುಳು ಬ್ಯಾನಿದೂ ಆಗಬೇಕು.

ಕಾಕಾ (ಮಂಗಳವಾರ, ಸಂಜಿ 6:45)
ಬೇವಿನ ಗಿಡದ ಮ್ಯಾಲೆ, ತಗಡಿನ ಮ್ಯಾಲೆ ಮಲಗೋ ಕೋಳಿ ಇದ್ದವ್ರು ಇವತ್ತ ಕತ್ತಲಾದ ಮ್ಯಾಲೆ ಹಿಡದು ಬುಟ್ಟಿ ಮುಚ್ಚಿಡ್ರಿ. ಕತ್ತಲ್ಯಾಗ ಅವು ಕೊಸರಂಗಿಲ್ಲ, ಮುಂಜಾನಿ ಬೆನ್ನ ಹತ್ತಿದ್ರ ಸಿಗಂಗಿಲ್ಲ. ನಾವು ಬರೂ ಮಟ ಗೂಡು ತೆಗೀಬ್ಯಾಡ್ರಿ. ಲಸಿಕೆ ಆದ ಮ್ಯಾಲೆ ಒಂದೆರಡು ದಿನ ಮಂಕಾಗತಾವ, ತತ್ತಿ ಕಮ್ಮಿ ಆಗತಾವ. ಗಾಬರಿ ಆಗಿ ಕೊಯ್ಯಬ್ಯಾಡ್ರಿ. ನೆರಳು, ತಣ್ಣನ್ನ ನೀರು ಸಾಕು.

ಮಾಸ್ತರ್ (ಬುಧವಾರ, ಮುಂಜಾನಿ 7:55)
162 ಮುಗೀತು. ಎರಡ್ನೇ ಬಾಟ್ಲಿ 7:10ಕ್ಕ ಒಡದೀವಿ, ಇನ್ನೂ 38 ಕೋಳಿಗೆ ಆಗೋವಷ್ಟು ಉಳದೈತಿ, 9:10ರ ಮಟ ನಡೀತೈತಿ. ಬಾಜೂ ಬಡಾವಣಿಯವ್ರು, ಬೀಗರು, ಯಾರದರ ಕೋಳಿ ಇದ್ರ ಈಗ ಫೋನ್ ಮಾಡ್ರಿ. ನೀವು ತರಬ್ಯಾಡ್ರಿ, ನಾವ ಬರ್ತೀವಿ.

ಟೇಲರ್ ಅಕ್ಕ (7:58)
ನಮ್ಮ ತಂಗಿ ಮನ್ಯಾಗ 15 ಅದಾವ್ರಿ, ರೈಲ್ವೆ ಗೇಟ್ ದಾಟಿ ಎರಡ್ನೇ ಓಣಿ. ಗೂಡು ತೆಗಿಬ್ಯಾಡ ಅಂತ ಹೇಳೀನಿ, ಗೇಟ್ ಹತ್ರ ನಿಂತಾಳ.

ಮಾಸ್ತರ್ (7:59)
ಹೊಂಟ್ವಿ.