ಕಪ್ಪು ನೆಫ್ರೈಟ್ ಜೇಡ್ ಮತ್ತು ನಮ್ಮ ಕಡೆಯ ಕರಿಕಲ್ಲು: ಗುರುತಿಸುವುದು ಹೇಗೆ?

ಪ್ರಶ್ನೆ (ಮಾಲೂರಿನ ಓದುಗ):
ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಶಿವಲಿಂಗವೊಂದನ್ನು ‘ಕಪ್ಪು ಜೇಡ್’ ಎಂದು ಹೇಳಿ, ಕೃಷ್ಣಶಿಲೆಯ ಲಿಂಗಕ್ಕಿಂತ ಹಲವು ಪಟ್ಟು ಹೆಚ್ಚಿನ ಬೆಲೆಗೆ ನಮ್ಮ ಮನೆಯವರಿಗೆ ಮಾರಿದ್ದಾರೆ. ಶಿವಾರಪಟ್ಟಣದ ಶಿಲ್ಪಿಗಳ ಕೆಲಸವನ್ನು ಹತ್ತಿರದಿಂದ ನೋಡಿರುವ ನನಗೆ ಅದು ನಮ್ಮ ಕಡೆಯ ಕರಿಕಲ್ಲಿನಂತೆಯೇ ಕಾಣುತ್ತದೆ. ಜೇಡ್ ಕಪ್ಪು ಬಣ್ಣದಲ್ಲಿಯೂ ಸಿಗುತ್ತದೆಯೇ, ಸಿಗುವುದಾದರೆ ಎಲ್ಲಿ, ಲಿಂಗಕ್ಕೆ ಗೀರು ಬೀಳದಂತೆ ಅದನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಕೋಲಾರದ ಭೂವಿಜ್ಞಾನ ಅಧ್ಯಾಪಕ):
ಖಂಡಿತ ಸಿಗುತ್ತದೆ. ಆಭರಣ, ಕೆತ್ತನೆಗಳಿಗೆ ಬಳಸುವ ಜೇಡ್ ಎಂಬ ಹೆಸರಿನಲ್ಲಿ ಎರಡು ಕಲ್ಲುಗಳಿವೆ. ನೆಫ್ರೈಟ್ ಬೇರೆ, ಜೇಡೈಟ್ ಬೇರೆ ಎಂಬುದನ್ನು ಫ್ರಾನ್ಸಿನ ಖನಿಜತಜ್ಞ ಅಲೆಕ್ಸಿ ಡಮೂರ್ 1863ರಲ್ಲಿ ತೋರಿಸಿಕೊಟ್ಟರು. ನೆಫ್ರೈಟ್ ಎಂಬುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಕಬ್ಬಿಣ ಸೇರಿದ ಆಂಫಿಬೋಲ್ ಎಂಬ ಖನಿಜ ಗುಂಪಿನ ಸಿಲಿಕೇಟ್ (ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಖನಿಜ). ಮೆಗ್ನೀಸಿಯಂನ ಜಾಗಕ್ಕೆ ಕಬ್ಬಿಣ ಬರುತ್ತಾ ಹೋದಂತೆ ಬಿಳಿಯಿದ್ದ ಕಲ್ಲು ಹಸಿರಾಗಿ, ಕೊನೆಗೆ ಕಪ್ಪಾಗಿ ಕಾಣುತ್ತದೆ. ಚೀನಾದ ಖೋತಾನ್ ಪ್ರದೇಶದ ಕಪ್ಪು ಜೇಡ್‌ಗೆ ಮಾತ್ರ ಆ ಬಣ್ಣ ಬಂದಿರುವುದು ಅದರೊಳಗಿನ ಗ್ರಾಫೈಟ್‌ನಿಂದ. ದಕ್ಷಿಣ ಆಸ್ಟ್ರೇಲಿಯಾದ ಕೋವೆಲ್ ಮತ್ತು ಅಮೆರಿಕದ ವಯೋಮಿಂಗ್ ಕೂಡ ಕಪ್ಪು ನೆಫ್ರೈಟ್‌ಗೆ ಹೆಸರಾದ ನೆಲಗಳು. ಕೆಲವೆಡೆ ಡಾಲೊಮೈಟ್ ಅಮೃತಶಿಲೆಯ ಮೇಲೆ, ಇನ್ನು ಕೆಲವೆಡೆ ಸರ್ಪೆಂಟಿನೈಟ್ ಎಂಬ ಹಸಿರು ಛಾಯೆಯ ಶಿಲೆ ಬೇರೆ ಶಿಲೆಯನ್ನು ಸಂಧಿಸುವಲ್ಲಿ, ಬಿಸಿ ದ್ರವಗಳು ಹರಿದು ಈ ಕಲ್ಲು ಹುಟ್ಟುತ್ತದೆ.

ನಮ್ಮ ಕೋಲಾರದ ಚಿನ್ನದ ಪಟ್ಟಿಯ ಹಾರ್ನ್‌ಬ್ಲೆಂಡ್ ಶಿಸ್ಟ್ ಕೂಡ ಆಂಫಿಬೋಲ್ ಕಲ್ಲೇ. ಆದರೆ ಅದರ ಹರಳುಗಳು ಒಂದೇ ದಿಕ್ಕಿಗೆ ಮಲಗಿರುವುದರಿಂದ ಅದು ಪದರ ಪದರವಾಗಿ ಸೀಳುತ್ತದೆ. ನೆಫ್ರೈಟ್‌ನಲ್ಲಿ ಅತಿ ಸೂಕ್ಷ್ಮವಾದ ಎಳೆಗಳು ಕಂಬಳಿಯ ಉಣ್ಣೆಯಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅದರ ವಿಶೇಷವಿರುವುದು ಬಣ್ಣಕ್ಕಿಂತ ಹೆಚ್ಚಾಗಿ ಈ ಹೆಣಿಗೆಯಲ್ಲಿ.

ಉತ್ತರ 2 (ಚಿಕ್ಕಬಳ್ಳಾಪುರ, ಕಲ್ಲಿನ ವ್ಯಾಪಾರ):
ಆ ಹೆಣಿಗೆಯ ಕಾರಣದಿಂದಲೇ ಉಳಿ ಸುತ್ತಿಗೆಗೆ ನೆಫ್ರೈಟ್ ಬಗ್ಗುವುದಿಲ್ಲ. ಗೀರು ತಡೆಯುವ ಗಡಸುತನ (1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ) 6ರಿಂದ 6.5 ಮಾತ್ರವಿದ್ದು ಸ್ಫಟಿಕಕ್ಕಿಂತ ಕಡಿಮೆಯಾದರೂ, ಹೊಡೆದರೆ ಒಡೆಯದ ಗಟ್ಟಿತನದಲ್ಲಿ ಅದಕ್ಕೆ ಸಮನಾದ ಕಲ್ಲುಗಳು ವಿರಳ. ಹಿಂದೆ ಮರಳು ಹಾಕಿ ಉಜ್ಜುತ್ತಿದ್ದರು, ಈಗ ವಜ್ರದ ಪುಡಿಯ ಚಕ್ರಗಳಿವೆ.

ಪರೀಕ್ಷೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಲಿಂಗವನ್ನು ತೂಗಿರಿ. ಬಳಿಕ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಂಡು, ಲಿಂಗವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿರಿ. ಆಗ ಕಾಣುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿದರೆ, ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರವೆಂದು ತಿಳಿಯುತ್ತದೆ: ನೆಫ್ರೈಟ್‌ಗೆ 2.9ರಿಂದ 3.0ರ ಆಸುಪಾಸು, ಗಾಜಿಗೆ ಸಾಮಾನ್ಯವಾಗಿ 2.5ರ ಆಸುಪಾಸು ಬರಬೇಕು.

ಪ್ರಶ್ನೆ ಕೇಳಿದವರು:
ತೂಕ 118 ಗ್ರಾಂ, ನೀರಿನಲ್ಲಿ 39 ಗ್ರಾಂ ತೋರಿಸಿತು, ಭಾಗಿಸಿದರೆ 3.03. ಹಾಗಾದರೆ ಇದು ಜೇಡ್ ಎಂದೇ ತಿಳಿಯಬಹುದೇ?

ಉತ್ತರ 1ರವರು:
ಅವಸರ ಬೇಡ. ‘ಕಪ್ಪು ಗ್ರಾನೈಟ್’ ಎಂದು ಮಾರಾಟವಾಗುವ ನಮ್ಮ ಡಾಲರೈಟ್ (ಕರಗಿದ ಶಿಲಾದ್ರವ ತಣಿದು ಆದ ಕಪ್ಪು ಕಲ್ಲು) ಕೂಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಈ ಸೀಮೆಯಲ್ಲಿ ಆ ಅಂಕಿಯೊಂದನ್ನೇ ನಂಬುವಂತಿಲ್ಲ. ಲಿಂಗದ ತಳದಲ್ಲಿ ಹೊಳಪು ಕೊಡದ ಭಾಗವಿದ್ದರೆ ಹತ್ತು ಪಟ್ಟಿನ ಭೂತಗನ್ನಡಿಯಿಂದ ನೋಡಿರಿ. ಬೂದುಬಿಳುಪಿನ ಸಣ್ಣ ಕಡ್ಡಿಗಳಂತಹ ಹರಳುಗಳು ಕಂಡರೆ ಅವು ಫೆಲ್ಡ್‌ಸ್ಪಾರ್ ಎಂಬ ಖನಿಜ, ಕಲ್ಲು ಡಾಲರೈಟ್.

ಪ್ರಶ್ನೆ ಕೇಳಿದವರು:
ತಳದ ತುಂಬ ಅಂಥ ಕಡ್ಡಿಗಳೇ ಇವೆ ಸರ್. ಪೂಜೆಗೆ ಯಾವ ಕಲ್ಲಾದರೂ ಆದೀತು, ಹೆಚ್ಚು ಕೊಟ್ಟ ಹಣವನ್ನು ಮಾತ್ರ ಮಾರಿದವರಲ್ಲಿ ಕೇಳುತ್ತೇನೆ.