ಅಪ್‌ಡೇಟ್: ಹುಬ್ಬಳ್ಳಿಯಿಂದ ಲಕ್ಕುಂಡಿಗೆ ಸೈಕಲ್‌ನಲ್ಲಿ ಹೋದೆ!

ಹುಬ್ಬಳ್ಳಿಯಿಂದ ಲಕ್ಕುಂಡಿಗೆ ಮೊದಲ ಸಲ ಸೈಕಲ್‌ನಲ್ಲಿ ಹೋಗಬೇಕು, ಹೇಗೆ ತಯಾರಾಗಲಿ ಅಂತ ಕೇಳಿದ್ದೆನಲ್ಲ, ಹೋಗಿ ಮುಟ್ಟಿದೆ! ಸುಮಾರು 70 ಕಿ.ಮೀ. ದಾರಿ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

ಜಾಸ್ತಿ ಉಪಯೋಗಕ್ಕೆ ಬಂದದ್ದು ಸೀಟಿನ ಎತ್ತರದ ಸಲಹೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಸ್ವಲ್ಪವೇ ಬಾಗುತ್ತದೆ. ಅಷ್ಟು ಸರಿ ಮಾಡಿದ ಮೇಲೆ ಮೊಣಕಾಲು ನೋವು ಬರಲೇ ಇಲ್ಲ. ಅಭ್ಯಾಸಕ್ಕೆ ಧಾರವಾಡಕ್ಕೆ ಹೋಗಿ ಬರುತ್ತಿದ್ದೆ, ಅದೇ ಸಾಕಾಯಿತು.

ಗಾಳಿಯ ವಿಷಯ ಹೇಳಲೇಬೇಕು. ಮಳೆಗಾಲದಲ್ಲಿ ಇಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಗದಗಿನ ಕಡೆ ಹೋಗುವಾಗ ಬೆನ್ನಿಗೆ ಗಾಳಿ, ಸೈಕಲ್ ತಾನೇ ಓಡುತ್ತದೆ. ಎರೆಹೊಲಗಳ ಬಯಲಿನಲ್ಲಿ ತಡೆಯೋಕೆ ಏನೂ ಇಲ್ಲ ಅಲ್ವಾ? ಗದಗಿನ ಸುತ್ತ ಅಷ್ಟು ವಿಂಡ್‌ಮಿಲ್ ಸುಮ್ನೆ ನಿಲ್ಲಿಸಿಲ್ಲ! ಲಕ್ಕುಂಡಿಯಿಂದ ಗದಗಿಗೆ ತಿರುಗಿ ಬಂದ ಸ್ವಲ್ಪ ದೂರವೇ ಎದುರುಗಾಳಿಗೆ ತೊಡೆ ಬಿಗಿಯಿತು. ಅಲ್ಲಿಂದ ಸೈಕಲ್‌ನ್ನು ಮಾವನ ಟೆಂಪೋಗೆ ಹಾಕಿ ಬಂದೆ. ಹಾಗೆ ಮೊದಲೇ ಮಾತಾಡಿಟ್ಟಿದ್ದೆ.

ಹಸಿವಾಗುವ ಮೊದಲೇ ತಿನ್ನಿ ಅಂದಿದ್ದಿರಿ. ಶೇಂಗಾ ಉಂಡಿ, ಬಾಳೆಹಣ್ಣು, ಓಆರ್‌ಎಸ್ ನೀರು ಇಷ್ಟೇ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ದೊಡ್ಡ ವಿಶ್ರಾಂತಿ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಮುಂದೆ ನಿಂತಾಗ ಆದ ಖುಷಿ ಹೇಳತೀರದು.

ಪಂಕ್ಚರ್ ಆಗಲಿಲ್ಲ. ಆದರೂ ಟ್ಯೂಬ್, ಪಂಪು ಇಟ್ಟುಕೊಂಡೇ ಹೋಗಿ.

ಮುಂದೆ ಹಾವೇರಿ ಕಡೆ ಹೋಗುವವರಿದ್ದರೆ ತಿಳಿಸಿ, ನಾನೂ ಬರುತ್ತೇನೆ.